ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಮನೆಯ ಒಳಗೂ ಹೊರಗೂ ಸೇರಿ ಎಷ್ಟು ಸಿಸಿಟಿವಿ ಕ್ಯಾಮೆರಾ ಹಾಕಿಸಿದರೆ ನಿಶ್ಚಿಂತೆಯಿಂದ ಇರಬಹುದು?

ನಾನೂ ಇದೇ ಪ್ರಶ್ನೆಯನ್ನು ಹೊತ್ತು ತಿರುಗಿದವನು. ನಾನಿರುವುದು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ತಿಪಟೂರಿನ ಹಳೆಯ ಮನೆಯಲ್ಲಿ. ನನ್ನ ಬಾಲ್ಯದಲ್ಲಿ ಆ ಮನೆಯ ತಲೆಬಾಗಿಲು ಬೆಳಿಗ್ಗೆ ತೆರೆದರೆ ರಾತ್ರಿಯ ಊಟ ಮುಗಿಯುವವರೆಗೂ ತೆರೆದೇ ಇರುತ್ತಿತ್ತು. ಜಗುಲಿಯ ಮೇಲೆ ಯಾರಾದರೊಬ್ಬರು ಕುಳಿತಿರುತ್ತಿದ್ದುದರಿಂದ, ಬೀದಿಗೆ ಬಂದ ಹೊಸಬರನ್ನು ಯಾರ ಮನೆಗೆ ಬಂದಿರಿ ಎಂದು ಕೇಳದೆ ಮುಂದಕ್ಕೆ ಬಿಡುತ್ತಿರಲಿಲ್ಲ. ಆಮೇಲೆ ಜಗುಲಿಗೆ ಗ್ರಿಲ್ ಬಂತು, ಗ್ರಿಲ್ಲಿಗೆ ಬೀಗ ಬಂತು, ಕೊನೆಗೆ ನಾನು ಕ್ಯಾಮೆರಾಗಳನ್ನು ಹಾಕಿಸಿದೆ.

ನಮಗೆ ದುಬಾರಿಯಾದದ್ದು ಎದುರು ಮನೆಯವರ ಬಳಿ ಇದ್ದ ನಮ್ಮ ಮನೆಯ ಕೀಲಿಯನ್ನು ನಾನು ಹಿಂದಕ್ಕೆ ಪಡೆದದ್ದು. ಅಪ್ಪ ಅಮ್ಮ ಊರಲ್ಲಿಲ್ಲದಾಗ ಆ ಮನೆಯಾಕೆ ಸಂಜೆ ಬಂದು ದೀಪ ಹಚ್ಚಿ, ತುಳಸಿಗೆ ನೀರು ಹಾಕಿ ಹೋಗುತ್ತಿದ್ದರು. ಹೀಗಾಗಿ ಬೀದಿಯಲ್ಲಿ ಹಾದುಹೋಗುವವರಿಗೆ ನಮ್ಮ ಮನೆ ಖಾಲಿಯಿದೆ ಎಂಬುದು ತಿಳಿಯುತ್ತಲೇ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಕೀಲಿ ತಮ್ಮ ಕೈಯಲ್ಲಿ ಇರುವವರೆಗೆ ಆ ಮನೆಯ ಹೊಣೆಯಲ್ಲಿ ತಮ್ಮದೂ ಒಂದು ಪಾಲಿದೆ ಎಂದು ಅವರು ಭಾವಿಸಿದ್ದರು. ರಾತ್ರಿ ಸಣ್ಣ ಸದ್ದಾದರೂ ಎದ್ದು ಕಿಟಕಿ ತೆರೆಯುತ್ತಿದ್ದರು. ‘ಇನ್ನು ನಿಮಗೆ ತೊಂದರೆ ಬೇಡ, ಎಲ್ಲವೂ ನನ್ನ ಫೋನಿನಲ್ಲೇ ಕಾಣುತ್ತದೆ’ ಎಂದು ನಾನು ಗೌರವದಿಂದಲೇ ಹೇಳಿದ್ದೆ. ಆದರೆ ಆ ಮಾತಿನಿಂದ ಅವರನ್ನು ಆ ಹೊಣೆಯಿಂದ ಬಿಡಿಸಿಬಿಟ್ಟೆ.

ಒಂದು ನಾಮಕರಣಕ್ಕೆಂದು ಅಪ್ಪ ಅಮ್ಮ ಬೆಂಗಳೂರಿಗೆ ಬಂದಿದ್ದಾಗ ಕಳ್ಳರು ಹಿತ್ತಿಲ ಬಾಗಿಲನ್ನು ಮೀಟಿ ಒಳನುಗ್ಗಿದರು. ಎದುರು ಮನೆಯವರಿಗೆ ಸದ್ದು ಕೇಳಿಸಿತ್ತು. ಫೋನಿನಲ್ಲಿ ನೋಡಿ ನಾನೇ ಯಾರನ್ನೋ ಕಳುಹಿಸಿರಬೇಕು ಎಂದುಕೊಂಡು ಅವರು ಸುಮ್ಮನಾದರು. ನನ್ನ ಫೋನಿಗೂ ಎಚ್ಚರಿಕೆ ಬಂದಿತ್ತು. ಆದರೆ ಚಿತ್ರದಲ್ಲಿ ಏನು ಬದಲಾದರೂ ಸಂದೇಶ ಕಳುಹಿಸುವ ಆ ಕ್ಯಾಮೆರಾ, ಕತ್ತಲಲ್ಲಿ ನೋಡಲು ಅದರಲ್ಲಿರುವ ಅವಗೆಂಪು (ಇನ್‌ಫ್ರಾರೆಡ್) ದೀಪಕ್ಕೆ ಮುತ್ತುವ ಹುಳುಗಳಿಗೂ ವಾಹನಗಳ ಬೆಳಕಿಗೂ ಎಚ್ಚರಿಸುತ್ತಿದ್ದುದರಿಂದ ರಾತ್ರಿಯ ಹೊತ್ತು ನಾನು ಅದರ ಸದ್ದನ್ನು ನಿಲ್ಲಿಸಿದ್ದೆ. ಕ್ಯಾಮೆರಾಗಳ ದೃಶ್ಯಗಳನ್ನು ದಾಖಲಿಸಿಡುವ, ಟಿವಿಯ ಕೆಳಗಿದ್ದ ರೆಕಾರ್ಡರನ್ನೂ ಕಳ್ಳರು ಕಿತ್ತುಕೊಂಡು ಹೋದರು. ಅಮ್ಮನ ಬಳೆಗಳು ಈವರೆಗೂ ಸಿಕ್ಕಿಲ್ಲ.

ಆದ್ದರಿಂದ ಎಷ್ಟು ಕ್ಯಾಮೆರಾ ಎಂಬ ಲೆಕ್ಕದಿಂದ ಆರಂಭಿಸುವುದೇ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಹಿತ್ತಿಲ ಬಾಗಿಲನ್ನು ಗಟ್ಟಿ ಮಾಡಿಸಿ, ಚಿನ್ನವನ್ನು ಬ್ಯಾಂಕಿನ ಲಾಕರಿನಲ್ಲಿಡಿ, ನಂಬಿಕೆಯ ನೆರೆಯವರಿಗೆ ಕೀಲಿ ಕೊಟ್ಟು ನೆರವನ್ನು ಬಾಯಿಬಿಟ್ಟು ಕೇಳಿ, ಮನೆಗೆ ಬೀಗ ಹಾಕಿ ಹೊರಡುವಾಗ ಬೀಟ್ ಪೊಲೀಸರಿಗೆ ತಿಳಿಸಿ. ತುರ್ತಿಗೆ 112ಕ್ಕೆ ಕರೆ ಮಾಡಬೇಕೆಂಬುದು ಅಪ್ಪ ಅಮ್ಮನಿಗಷ್ಟೇ ಅಲ್ಲ, ಆ ನೆರೆಯವರಿಗೂ ಗೊತ್ತಿರಲಿ. ಇಷ್ಟಾದ ಮೇಲೆ ಕ್ಯಾಮೆರಾ ಹಾಕಿಸುವುದಾದರೆ ರೆಕಾರ್ಡರನ್ನು ಕಣ್ಣಿಗೆ ಬೀಳದ ಕಡೆ ಇಡಿಸಿ, ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಅಂದೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಅಪಾರ ಸಂಖ್ಯೆಯ ಕ್ಯಾಮೆರಾ ಮತ್ತು ರೆಕಾರ್ಡರುಗಳನ್ನು ವಶಪಡಿಸಿಕೊಂಡದ್ದು ಬದಲಿಸದೆ ಉಳಿದ ಅಂತಹ ಪಾಸ್‌ವರ್ಡುಗಳಿಂದಲೇ.

ಅಪ್ಪ ಅಮ್ಮ ಬೇಡವೆಂದರೂ ಹಜಾರದಲ್ಲಿ ಒಂದು ಕ್ಯಾಮೆರಾ ಇಡಿಸುವುದಾಗಿ ನೀವು ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿತು; ಸಹನಿವಾಸಿಗಳ ಒಪ್ಪಿಗೆಯಿಲ್ಲದೆ ಮನೆಯ ವಾಸದ ಭಾಗದಲ್ಲಿ ಕ್ಯಾಮೆರಾ ಇಡುವುದು ಆ ಹಕ್ಕಿನ ಉಲ್ಲಂಘನೆ ಎಂದು 2025ರಲ್ಲಿ ಕಲ್ಕತ್ತಾ ಹೈಕೋರ್ಟ್ ಹೇಳಿತು. ನಮ್ಮ ಹಜಾರದಲ್ಲಿ ಕ್ಯಾಮೆರಾ ಇದ್ದಷ್ಟು ಕಾಲ ಅಮ್ಮ ಅಲ್ಲಿ ಕಾಲು ಚಾಚಿ ಕೂರುವುದನ್ನೇ ಬಿಟ್ಟಿದ್ದರು, ಬಂದವರನ್ನು ಅಡುಗೆಮನೆಗೆ ಕರೆದೊಯ್ದು ಮಾತನಾಡಿಸುತ್ತಿದ್ದರು. ಗೇಟಿಗೂ ಹಿತ್ತಿಲಿಗೂ ಧಾರಾಳವಾಗಿ ಹಾಕಿಸಿ. ಅವರು ತಾವಾಗಿ ಕೇಳದ ಹೊರತು ಮನೆಯೊಳಗೆ ಬೇಡ.