12 ಬಿಟ್ ಎಡಿಸಿ ಬದಲು 16 ಬಿಟ್‌ನದು ಹಾಕಿದರೆ ಕರೆಂಟ್ ಎಷ್ಟು ಜಾಸ್ತಿ ಬೇಕು?

ಜೇನುಪೆಟ್ಟಿಗೆಯ ತೂಕ ನೋಡಲು ಬ್ಯಾಟರಿ ಬೋರ್ಡ್ ಮಾಡುತ್ತಿದ್ದೀರಿ. ಅದರಲ್ಲಿ ವೋಲ್ಟೇಜನ್ನು ಅಳೆದು ಅಂಕಿಯಾಗಿಸುವುದು ಎಡಿಸಿ; ಬಿಟ್ ಹೆಚ್ಚಿದಷ್ಟೂ ಅಳತೆಯ ಮೆಟ್ಟಿಲು ಸಣ್ಣ. 12 ಬಿಟ್ ಎಡಿಸಿ ಬದಲು 16 ಬಿಟ್‌ನದು ಹಾಕಿದರೆ ಕರೆಂಟ್ ಮೂರನೇ ಒಂದು ಪಾಲು ಹೆಚ್ಚಾದೀತು, ಅಷ್ಟೇ ಅಲ್ವಾ ಎಂದು ಕೇಳಿದ್ದೀರಿ. ಅಷ್ಟೇ ಅಲ್ಲ. ಅದೇ ವೇಗದಲ್ಲಿ ಅಳೆಯಬೇಕಾದರೆ ಲೆಕ್ಕ 256 ಪಟ್ಟಿನ ಕಡೆಗೆ ಓಡುತ್ತದೆ. ನಾನು ಅನಲಾಗ್ ಚಿಪ್ ಡಿಸೈನ್ ಮಾಡುವವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಲೆಕ್ಕವೂ ನಿಮ್ಮದೇ ಆಗಿತ್ತು.

ಎಡಿಸಿ ಮೊದಲು ಮಾಡುವ ಕೆಲಸ, ಬಂದ ವೋಲ್ಟೇಜನ್ನು ಒಂದು ಪುಟ್ಟ ಕೆಪಾಸಿಟರ್‌ನಲ್ಲಿ ಹಿಡಿದಿಡುವುದು. ಸ್ವಿಚ್ ತೆರೆದುಕೊಳ್ಳುವಾಗ, ಶಾಖಕ್ಕೆ ಅಲ್ಲಾಡುವ ಎಲೆಕ್ಟ್ರಾನ್‌ಗಳ ಗದ್ದಲವೂ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ನಾವು ಕೆಟಿ ಬೈ ಸಿ ನಾಯ್ಸ್ ಅನ್ನುತ್ತೇವೆ. 1 ಪಿಕೋಫ್ಯಾರಡ್ ಕೆಪಾಸಿಟರ್‌ನಲ್ಲಿ ಇದು ಸುಮಾರು 64 ಮೈಕ್ರೋವೋಲ್ಟ್. 3.3 ವೋಲ್ಟನ್ನು 12 ಬಿಟ್‌ಗೆ, ಅಂದರೆ 4096 ಮೆಟ್ಟಿಲಿಗೆ, ಹಂಚಿದರೆ ಒಂದು ಮೆಟ್ಟಿಲು 806 ಮೈಕ್ರೋವೋಲ್ಟ್. ಅಲ್ಲಿ ಈ ಗದ್ದಲ ಲೆಕ್ಕಕ್ಕೇ ಇಲ್ಲ. 16 ಬಿಟ್‌ಗೆ ಹಂಚಿದರೆ ಮೆಟ್ಟಿಲು ಬರೀ 50. ಮೆಟ್ಟಿಲಿಗಿಂತ ಗದ್ದಲವೇ ದೊಡ್ಡದಾಯಿತು!

ಗದ್ದಲ ಅರ್ಧಕ್ಕೆ ಇಳಿಯಬೇಕಾದರೆ ಕೆಪಾಸಿಟರ್ ನಾಲ್ಕು ಪಟ್ಟು ಆಗಬೇಕು. ಅದನ್ನು ಅದೇ ಸಮಯದಲ್ಲಿ ತುಂಬಲು ಕರೆಂಟೂ ನಾಲ್ಕು ಪಟ್ಟು. ಒಂದು ಬಿಟ್‌ಗೆ 4, ನಾಲ್ಕು ಬಿಟ್‌ಗೆ 256. ನಡುವಿನ ವೋಲ್ಟೇಜನ್ನು ಹತ್ತಿರದ ಮೆಟ್ಟಿಲಿಗೆ ಸರಿಸುವಾಗ ಆಗುವ ತಪ್ಪನ್ನು ಗದ್ದಲ ಮೀರಬಾರದು ಎಂದರೆ 12 ಬಿಟ್‌ಗೆ 0.08 ಪಿಕೋಫ್ಯಾರಡ್ ಸಾಕು, 16 ಬಿಟ್‌ಗೆ 20 ಬೇಕು.

ಆದರೆ ನಿಜದ ಚಿಪ್‌ಗಳಲ್ಲಿ ಪೂರ್ತಿ 256 ಕಾಣುವುದಿಲ್ಲ. ಎಸ್‌ಎಆರ್ ಬಗೆಯ ಎಡಿಸಿ ತಕ್ಕಡಿಯಂತೆ ಕೆಲಸ ಮಾಡುತ್ತದೆ. ಮೊದಲು ದೊಡ್ಡ ಬಟ್ಟು, ಆಮೇಲೆ ಅದರ ಅರ್ಧ, ಅದರ ಅರ್ಧ. ಈ ಬಟ್ಟುಗಳೇ ಕೆಪಾಸಿಟರ್‌ಗಳು. 0.08 ಪಿಕೋಫ್ಯಾರಡನ್ನು 4096 ಸಮ ತುಂಡು ಮಾಡಲು ಯಾರಿಂದಲೂ ಆಗದು. ಹಾಗಾಗಿ 12 ಬಿಟ್‌ನವರೂ ಬೇಕಾದ್ದಕ್ಕಿಂತ ದೊಡ್ಡ ಕೆಪಾಸಿಟರ್ ಹಾಕಿ, ಸುಮ್ನೆ ಒಂದಷ್ಟು ಕರೆಂಟ್ ಸುಡುತ್ತಾರೆ.

12 ಬಿಟ್‌ನಲ್ಲೇ ಹಲವು ಸಲ ಅಳೆದು ಸರಾಸರಿ ತೆಗೆದರೆ? ತೆಗೆಯಬಹುದು. ಆದರೆ ನಾಲ್ಕು ಬಿಟ್ ಗಳಿಸಲು 256 ಸಲ ಅಳೆಯಬೇಕು. ಅದೇ ಸಂಖ್ಯೆ, ನೋಡಿ. ಸಾಲ ಒಂದೇ, ಕಂತು ಮಾತ್ರ ಬೇರೆ. ಬಟ್ಟುಗಳೇ ಸರಿಯಿಲ್ಲದಿದ್ದರೆ ಸರಾಸರಿಯಿಂದ ಅದು ನೆಟ್ಟಗಾಗುವುದೂ ಇಲ್ಲ.

ಇನ್ನೊಂದು ಮಾತು. ನನ್ನ ಮೊದಲ ಬೋರ್ಡಿನಲ್ಲಿ 16 ಬಿಟ್ ಎಡಿಸಿಯ ಪಕ್ಕಕ್ಕೇ ಸ್ವಿಚಿಂಗ್ ರೆಗ್ಯುಲೇಟರ್ (ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡಿ ವೋಲ್ಟೇಜ್ ಹೊಂದಿಸುವ, ಗದ್ದಲದ ಸರ್ಕ್ಯೂಟ್) ಇಟ್ಟಿದ್ದೆ. ಕೊನೆಯ ನಾಲ್ಕು ಬಿಟ್ ದಿನವಿಡೀ ಕುಣಿಯುತ್ತಿದ್ದವು. 16ರ ಕರೆಂಟ್ ಕೊಟ್ಟು 12ರ ಫಲ ಪಡೆದೆ.

ಈಗ ನಿಮ್ಮ ಜೇನುಪೆಟ್ಟಿಗೆ. ಭಾರವನ್ನು ಪುಟ್ಟ ವೋಲ್ಟೇಜ್ ಆಗಿಸುವ ಸೆನ್ಸರ್, ಅಂದರೆ ಲೋಡ್ ಸೆಲ್, ಸಾಮಾನ್ಯವಾಗಿ ಪೂರ್ತಿ ಭಾರಕ್ಕೆ, ಕೊಟ್ಟ ಪ್ರತಿ ವೋಲ್ಟ್‌ಗೆ 2 ಮಿಲಿವೋಲ್ಟ್ ಕೊಡುತ್ತದೆ. 5 ವೋಲ್ಟ್ ಹಾಕಿದರೆ 10 ಮಿಲಿವೋಲ್ಟ್. ನೇರವಾಗಿ ಜೋಡಿಸಿದರೆ 12 ಬಿಟ್‌ನಲ್ಲಿ ಸಿಗುವುದು ಹನ್ನೆರಡು ಮೆಟ್ಟಿಲು, 16 ಬಿಟ್‌ನಲ್ಲಿ ಇನ್ನೂರು. ಎರಡೂ ಬೇಡ. ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್ ಒಳಗೇ ಇರುವ ಎಚ್‌ಎಕ್ಸ್‌711 ಎಂಬ ಎಡಿಸಿ ಚಿಪ್ ಹಾಕಿ. ಅದನ್ನು 24 ಬಿಟ್ ಎಂದು ಮಾರುತ್ತಾರೆ. ಗದ್ದಲ 50 ನ್ಯಾನೋವೋಲ್ಟ್, ಮೆಟ್ಟಿಲು ಎರಡೂವರೆಯ ಹತ್ತಿರ. ಹಾಗಾಗಿ ನಂಬಬಹುದಾದ್ದು 19–20 ಬಿಟ್. ನಿಮಗೆ ಅದೇ ಜಾಸ್ತಿ.

ಇದು ಇಷ್ಟು ನಿಖರವಾಗಿದ್ದೂ 1.5 ಮಿಲಿಆಂಪ್‌ನಲ್ಲಿ ಹೇಗೆ ನಡೆಯುತ್ತದೆ ಅಂದರೆ, ಸೆಕೆಂಡಿಗೆ ಅಳೆಯುವುದೇ 10 ಸಲ. ವೇಗ ಬಿಟ್ಟುಕೊಟ್ಟಿದೆ, ಅಷ್ಟೇ. ಜೇನಿನ ತೂಕಕ್ಕೇನು ಅವಸರ?

ನಿಮ್ಮ ಬ್ಯಾಟರಿ ತಿನ್ನುವುದು ಎಡಿಸಿ ಅಲ್ಲವೇ ಅಲ್ಲ. 350 ಓಮ್‌ನ ಲೋಡ್ ಸೆಲ್‌ಗೆ 5 ವೋಲ್ಟ್ ಕೊಟ್ಟರೆ ಅದೊಂದೇ 14 ಮಿಲಿಆಂಪ್ ಎಳೆಯುತ್ತದೆ. ಎಚ್‌ಎಕ್ಸ್‌711ರ ಒಳಗಿನ ರೆಗ್ಯುಲೇಟರಿನಿಂದಲೇ ಲೋಡ್ ಸೆಲ್‌ಗೆ ವೋಲ್ಟೇಜ್ ಕೊಡಿ, ಚಿಪ್ ಮಲಗಿದಾಗ ಎರಡೂ ಆರುತ್ತವೆ. ಎದ್ದ ಮೇಲೆ 400 ಮಿಲಿಸೆಕೆಂಡ್ ಬಿಟ್ಟು ಓದಿ, ಮತ್ತೆ ಮಲಗಿಸಿ. ಹತ್ತು ನಿಮಿಷಕ್ಕೆ ಅರ್ಧ ಸೆಕೆಂಡ್ ಎಚ್ಚರವಿದ್ದರೆ ಇವೆರಡರ ಸರಾಸರಿ ಸುಮಾರು 13 ಮೈಕ್ರೋಆಂಪ್. ಬಿಸಿಲೇರಿದರೆ ಲೋಡ್ ಸೆಲ್‌ನ ಲೆಕ್ಕ ಜಾರುತ್ತದೆ, ಆದ್ದರಿಂದ ಬೆಳಗಿನ ಜಾವದ ಓದನ್ನೇ ನಂಬಿ. ಹುಳುಗಳೂ ಆಗ ಗೂಡಿನಲ್ಲೇ ಇರುತ್ತವೆ.