ಕಡಲಲ್ಲಿ ಎಣ್ಣೆ ಹುಡುಕುವ ಮುಂಚೆ ದಡದವರನ್ನು ಕೇಳುತ್ತಾರಾ?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇದ್ದವು: ಸಮುದ್ರದಲ್ಲಿ ತೈಲ ಮತ್ತು ಅನಿಲದ ಶೋಧ, ಅದರಿಂದ ಪರಿಸರಕ್ಕೆ ಆಗುವ ಪರಿಣಾಮ, ಅದಕ್ಕೂ ಮೊದಲು ಜನರ ಅಭಿಪ್ರಾಯ ಕೇಳುವ ಕ್ರಮ. ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ನನ್ನದು ಮಲ್ಪೆಯಲ್ಲಿ ಆಳಸಮುದ್ರದ ಬೋಟು. ಕೇರಳದ ಕಡೆ ಸಮುದ್ರದಲ್ಲಿ ಎಣ್ಣೆ ಹುಡುಕುವ ಸುದ್ದಿಯನ್ನು ಅಲ್ಲಿನ ಬೋಟಿನವರಿಂದ ಕೇಳುತ್ತಿದ್ದೇವೆ. ನಾಳೆ ನಮ್ಮ ಕಡೆಗೂ ಬಂದರೆ ಮೊದಲು ನಮ್ಮನ್ನು ಕರೆದು ಕೇಳುತ್ತಾರಾ? (ಮಲ್ಪೆಯ ಓದುಗರು)

ಈಗಿರುವ ನಿಯಮದಂತೆ, ಹುಡುಕುವ ಹಂತದಲ್ಲಿ ನಿಮ್ಮನ್ನು ಕರೆದು ಕೇಳಲೇಬೇಕೆಂಬ ಕಡ್ಡಾಯವಿಲ್ಲ. ಹೀಗೆ ಬರೆಯಲು ನನಗೆ ಬೇಸರವಿದೆ, ಆದರೆ ನಿಮಗೆ ಇದು ಮೊದಲೇ ಗೊತ್ತಿರಬೇಕು.

ನಮ್ಮ ದೇಶದಲ್ಲಿ ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ. ಅದರಲ್ಲಿ ಯೋಜನೆಗಳನ್ನು 'ಎ', 'ಬಿ' ಎಂದು ವಿಂಗಡಿಸಿದ್ದಾರೆ. ತೈಲ ಮತ್ತು ಅನಿಲದ ಶೋಧ, ಅಭಿವೃದ್ಧಿ, ಉತ್ಪಾದನೆ ಮೂರೂ ಮೊದಲು ಹೆಚ್ಚು ಪರಿಶೀಲನೆ ಬೇಕಾದ 'ಎ' ವರ್ಗದಲ್ಲೇ ಇದ್ದವು. ಬಾವಿ ಕೊರೆಯದೆ ಬರೀ ಸರ್ವೆ ಮಾಡುವುದಕ್ಕೆ ಆಗಲೂ ಷರತ್ತಿನ ವಿನಾಯಿತಿ ಇತ್ತು. 2020ರ ಜನವರಿ 16ರಂದು ಕೇಂದ್ರ ಪರಿಸರ ಸಚಿವಾಲಯ ತಂದ ತಿದ್ದುಪಡಿ ಶೋಧವನ್ನು ಬೇರ್ಪಡಿಸಿ 'ಬಿ2' ವರ್ಗಕ್ಕೆ ಇಳಿಸಿತು. 'ಬಿ2'ಗೆ ಪರಿಸರ ಪರಿಣಾಮದ ವರದಿಯೂ ಬೇಡ, ಜನರನ್ನು ಸಭೆ ಕರೆದು ಅಭಿಪ್ರಾಯ ಕೇಳುವ ಸಾರ್ವಜನಿಕ ಆಲಿಕೆಯೂ ಬೇಡ. ಎಣ್ಣೆ ಸಿಕ್ಕಿ ಉತ್ಪಾದನೆಗೆ ಇಳಿಯುವುದು ಮಾತ್ರ 'ಎ' ವರ್ಗದಲ್ಲಿ ಉಳಿಯಿತು. ಜನರ ಮಾತಿಗೆ ಜಾಗ ಇರುವುದೂ ಆ ಹಂತದಲ್ಲೇ. ಅಷ್ಟು ಹೊತ್ತಿಗೆ ಕಂಪನಿ ಕೋಟಿಗಟ್ಟಲೆ ಸುರಿದಿರುತ್ತದೆ, ಸರ್ಕಾರ ಲೆಕ್ಕ ಹಾಕಿಕೊಂಡಿರುತ್ತದೆ. "ಬೇಡ" ಎನ್ನುವ ಮಾತಿಗೆ ಆಗ ತೂಕ ಎಷ್ಟು ಉಳಿಯುತ್ತದೆ ಎಂಬುದನ್ನು ನೀವೇ ಊಹಿಸಬಹುದು.

"ಬರೀ ಹುಡುಕುವುದು ತಾನೇ, ಅದರಿಂದೇನು ಅಪಾಯ?" ಎಂದು ಅಧಿಕಾರಿಗಳೂ ಕೇಳುವುದುಂಟು. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಬಾವಿ ಕೊರೆಯುವ ರಿಗ್ ಸಿಡಿದು 11 ಮಂದಿ ಸತ್ತರು. ಕಡಲ ತಳದಿಂದ 87 ದಿನ ಎಣ್ಣೆ ಉಕ್ಕಿತು. ಅಲ್ಲಿ ಕೊರೆಯುತ್ತಿದ್ದ ಮಕೊಂಡೊ ಬಾವಿ ಶೋಧದ ಬಾವಿಯೇ. ಭೂಮಿಯೊಳಗೆ ಒತ್ತಡ ಎಷ್ಟಿದೆ, ಬಂಡೆ ಹೇಗಿದೆ ಎಂಬುದು ಚೆನ್ನಾಗಿ ಗೊತ್ತಿರದೆ ಕೊರೆಯುವುದಕ್ಕೇ ಶೋಧ ಎನ್ನುತ್ತಾರಲ್ಲ. ಅನಿಶ್ಚಿತತೆ ಹೆಚ್ಚಿರುವ ಹಂತಕ್ಕೇ ಪರಿಶೀಲನೆ ಕಡಿಮೆ ಮಾಡಿದ್ದು ನನ್ನ ಅಭಿಪ್ರಾಯದಲ್ಲಿ ತಪ್ಪು.

ಎಣ್ಣೆ ದಡಕ್ಕೆ ಬಂದರೆ ಏನಾಗುತ್ತದೆ ಎಂದು ಕಾರವಾರದವರನ್ನು ಕೇಳಿ. 2006ರ ಮೇ ಕೊನೆಯಲ್ಲಿ ಓಷನ್ ಸೆರಾಯ ಹಡಗು ಅಲ್ಲಿನ ಬಂಡೆಗೆ ಬಡಿದು ಇಂಧನ ಸೋರಿದಾಗ ಮಳೆಗಾಲ ಶುರುವಾಗುವುದರಲ್ಲಿತ್ತು. ಅದು ಒಂದು ಹಡಗಿನ ಟ್ಯಾಂಕಿನಲ್ಲಿದ್ದ ಎಣ್ಣೆ ಮಾತ್ರ. ಬಾವಿಯ ಮಾತೇ ಬೇರೆ.

ನೆಲದ ಮೇಲಿನ ಶೋಧಕ್ಕೂ ಅನ್ವಯಿಸುವ 2020ರ ತಿದ್ದುಪಡಿಯ ವಿರುದ್ಧ ಕಾವೇರಿ ಮುಖಜ ಭೂಮಿಯ ರೈತರು ದೊಡ್ಡದಾಗಿ ದನಿ ಎತ್ತಿದರು. ಮುಂದಿನ ತಿಂಗಳೇ ತಮಿಳುನಾಡು ವಿಧಾನಸಭೆ ಮುಖಜ ಭೂಮಿಯನ್ನು ಸಂರಕ್ಷಿತ ಕೃಷಿ ವಲಯ ಮಾಡುವ ಕಾಯ್ದೆ ತಂದಿತು. ಆ ರಕ್ಷಣೆ ಗದ್ದೆಗೆ ಸಿಕ್ಕಿತು, ಕಡಲಿಗೆ ಸಿಗಲಿಲ್ಲ. ಗದ್ದೆಗೆ ಪಹಣಿ ಇದೆ. ನೀವು ಬಲೆ ಬಿಡುವ ಜಾಗಕ್ಕೆ ಯಾವ ಕಾಗದವೂ ಇಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಅನುಮತಿ ಕೇಳಿ ಹಾಕಿದ ಅರ್ಜಿ ಸಚಿವಾಲಯದ 'ಪರಿವೇಶ್' ಜಾಲತಾಣದಲ್ಲಿ ಸಿಗುತ್ತದೆ. ಆಲಿಕೆ ಇಲ್ಲದಿದ್ದರೂ ಪರಿಶೀಲನಾ ಸಮಿತಿಗೆ ನಿಮ್ಮ ಮೀನುಗಾರರ ಸಂಘ ಪತ್ರ ಬರೆಯಬಹುದು, ಮಾಹಿತಿ ಹಕ್ಕಿನಲ್ಲಿ ದಾಖಲೆ ಕೇಳಬಹುದು. ಅನುಮತಿ ಕೊಟ್ಟ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ ಇದೆ. ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಇನ್ನೂ 60 ದಿನ ಸಿಗಬಹುದು. ಅದೂ ದಾಟಿದರೆ ಮೇಲ್ಮನವಿಯ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಸಂಘದಲ್ಲಿ ಕಂಪ್ಯೂಟರ್ ಬಲ್ಲ ಒಬ್ಬ ಹುಡುಗನಿಗೋ ಹುಡುಗಿಗೋ ತಿಂಗಳಿಗೊಮ್ಮೆ ಈ ಜಾಲತಾಣ ನೋಡುವ ಕೆಲಸ ವಹಿಸಿ.

ಸಮುದ್ರದಲ್ಲಿ ಸರ್ವೆ ಮಾಡುವಾಗ ಬಾಂಬು ಸಿಡಿಸುತ್ತಾರೆ, ಮೀನೆಲ್ಲ ಓಡುತ್ತದೆ ಎನ್ನುತ್ತಾರೆ. ನಿಜವೇ? (ಹೊನ್ನಾವರದ ಓದುಗರು)

ಬಾಂಬು ಸಿಡಿಸುವುದಿಲ್ಲ. ಬಳಸುವುದು ಏರ್‌ಗನ್. ಹಡಗಿನ ಹಿಂದೆ ನೀರಿನೊಳಗೆ ಇವುಗಳ ಸಾಲನ್ನು ಎಳೆದುಕೊಂಡು ಹೋಗುತ್ತಾರೆ. ತುಂಬಾ ಒತ್ತಡದಲ್ಲಿ ತುಂಬಿದ ಗಾಳಿಯನ್ನು 10–15 ಸೆಕೆಂಡಿಗೊಮ್ಮೆ ಒಮ್ಮೆಲೇ ಬಿಟ್ಟಾಗ ಆಗುವ ಸದ್ದು ಕಡಲ ತಳವನ್ನೂ ದಾಟಿ ಕೆಳಗಿನ ಬಂಡೆ ಪದರಗಳಿಗೆ ಬಡಿದು ಮರಳುತ್ತದೆ. ಹಿಂದೆ ಕಿಲೋಮೀಟರುಗಟ್ಟಲೆ ಉದ್ದದ ಕೇಬಲ್‌ಗಳಲ್ಲಿ ಕೂರಿಸಿದ ಮೈಕುಗಳು ಅದನ್ನು ಹಿಡಿದುಕೊಳ್ಳುತ್ತವೆ. ಹಗಲು ರಾತ್ರಿ, ವಾರಗಟ್ಟಲೆ ನಡೆಯುವ ಕೆಲಸ ಇದು. ಆ ಕೇಬಲ್ಲಿಗೆ ಬಲೆ ಸಿಕ್ಕಬಾರದೆಂದು ಬೋಟುಗಳನ್ನು ದೂರ ಸರಿಸುತ್ತಾರೆ. ಮೀನುಗಾರನಿಗೆ ಮೊದಲು ತಟ್ಟುವ ನಷ್ಟ ಇದೇ: ಮೀನು ಇದ್ದರೂ ಅಲ್ಲಿಗೆ ಹೋಗುವ ಹಾಗಿಲ್ಲ.

ಮೀನು ಓಡುತ್ತದೆಯೇ ಎಂಬುದಕ್ಕೆ ಹಳೆಯ, ಗಟ್ಟಿಯಾದ ಪ್ರಯೋಗವೊಂದು ನಾರ್ವೆಯ ವಿಜ್ಞಾನಿಗಳದು. ಬ್ಯಾರೆಂಟ್ಸ್ ಸಮುದ್ರದಲ್ಲಿ ಏರ್‌ಗನ್ ಬಳಸುವ ಮೊದಲು, ಬಳಸುವಾಗ, ಬಳಸಿದ ಮೇಲೆ ಅವರು ಟ್ರಾಲರ್ ಬಲೆ ಎಳೆದು ಕಾಡ್ ಮತ್ತು ಹ್ಯಾಡಕ್ ಮೀನಿನ ಲೆಕ್ಕ ಇಟ್ಟರು. ಬಲೆಗೆ ಬೀಳುವ ಮೀನು ಸರಾಸರಿ ಅರ್ಧಕ್ಕೆ ಇಳಿಯಿತು. ಪರಿಣಾಮ 18 ನಾಟಿಕಲ್ ಮೈಲಿ ದೂರದವರೆಗೂ ಕಂಡಿತು, ಸದ್ದು ನಿಂತು 5 ದಿನವಾದರೂ ಮೀನು ಮೊದಲಿನಂತೆ ಬರಲಿಲ್ಲ. 1996ರಲ್ಲಿ ಪ್ರಕಟವಾದ ಫಲಿತಾಂಶ ಇದು. 2017ರಲ್ಲಿ ಟಾಸ್ಮೇನಿಯಾ ಬಳಿ ಒಂದೇ ಏರ್‌ಗನ್ ಬಳಸಿ ಮಾಡಿದ ಇನ್ನೊಂದು ಅಧ್ಯಯನ 1.2 ಕಿ.ಮೀ. ದೂರದವರೆಗೆ ಪ್ರಾಣಿಪ್ಲವಕಗಳು ಸತ್ತದ್ದನ್ನು ತೋರಿಸಿತು. ಪ್ರಾಣಿಪ್ಲವಕವೆಂದರೆ ಕಣ್ಣಿಗೆ ಸರಿಯಾಗಿ ಕಾಣದ ತೇಲು ಜೀವಿಗಳು. ನಿಮ್ಮ ಬೂತಾಯಿ, ಬಂಗುಡೆ ಹೊಟ್ಟೆ ತುಂಬಿಸಿಕೊಳ್ಳುವುದು ಪ್ಲವಕಗಳಿಂದಲೇ, ಮೀನಿನ ಮೊಟ್ಟೆ ಮರಿಗಳು ತೇಲುವುದೂ ಅವುಗಳ ಜೊತೆಯಲ್ಲೇ.

ಆದರೆ ಒಂದು ಮಾತು. ತಣ್ಣೀರಿನ ಕಾಡ್ ಮೀನಿನ ಲೆಕ್ಕವನ್ನು ಹಾಗೆಯೇ ತಂದು ಬಂಗುಡೆಗೆ ಹಚ್ಚಲು ಬರುವುದಿಲ್ಲ. "ಶೇಕಡಾ ಐವತ್ತು ಮೀನು ಹೋಗುತ್ತದೆ" ಎಂದು ಯಾರಾದರೂ ಸಭೆಯಲ್ಲಿ ಕೂಗಿದರೆ ಕಂಪನಿಯ ಸಲಹೆಗಾರ ಅದನ್ನು ಒಂದೇ ನಿಮಿಷದಲ್ಲಿ ತಳ್ಳಿಹಾಕುತ್ತಾನೆ. ಅದರ ಬದಲು ಅವರನ್ನೇ ಕೇಳಿ: ನಮ್ಮ ನೀರಿನ ಬಂಗುಡೆ, ಬೂತಾಯಿ, ಬೊಂಡಾಸ್‌ಗೆ ಏನಾಗುತ್ತದೆಂದು ನೀವು ಅಳೆದಿದ್ದೀರಾ? ಯಾವ ತಿಂಗಳಲ್ಲಿ ಸರ್ವೆ? ಜೂನ್ 1ರಿಂದ ಜುಲೈ 31ರವರೆಗೆ ಮೀನಿನ ಸಂತತಿಗಾಗಿ ನಾವು ಬೋಟು ಕಟ್ಟಿಹಾಕುತ್ತೇವಲ್ಲ, ಆ ಅವಧಿಯಲ್ಲಿ ನಿಮ್ಮ ಹಡಗು ಏನು ಮಾಡುತ್ತಿರುತ್ತದೆ? ಹೊನ್ನಾವರದ ಕಾಸರಕೋಡು ಮರಳಿನಲ್ಲಿ ಮೊಟ್ಟೆ ಇಡಲು ಬರುವ ಕಡಲಾಮೆಗಳ ಕಾಲದಲ್ಲಿ?

ಬ್ರಿಟನ್ನಿನ ಮಾರ್ಗಸೂಚಿಯಲ್ಲಿ ಒಂದು ಒಳ್ಳೆಯ ಕ್ರಮವಿದೆ. ಸದ್ದು ಶುರು ಮಾಡುವ ಮೊದಲು ಕನಿಷ್ಠ ಅರ್ಧ ಗಂಟೆ ಸುತ್ತಲಿನ 500 ಮೀಟರಿನಲ್ಲಿ ತಿಮಿಂಗಿಲ, ಡಾಲ್ಫಿನ್ ಇವೆಯೇ ಎಂದು ತರಬೇತಾದವರು ಕಾದು ನೋಡಬೇಕು. ಆಮೇಲೂ ಪೂರ್ತಿ ಶಕ್ತಿಯನ್ನು ಒಮ್ಮೆಲೇ ಬಿಡದೆ ನಿಧಾನಕ್ಕೆ ಏರಿಸಬೇಕು, ಇದ್ದ ಪ್ರಾಣಿ ದೂರ ಹೋಗಲಿ ಎಂದು. ಇಷ್ಟನ್ನಾದರೂ ಮಾಡುತ್ತೀರಾ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಜನರ ಅಭಿಪ್ರಾಯ ಕೇಳಲಿಲ್ಲ ಎಂಬ ಕಾರಣಕ್ಕೇ ಕೋರ್ಟು ತೈಲಶೋಧ ನಿಲ್ಲಿಸಿದ ಉದಾಹರಣೆ ಇದೆಯೇ? (ಕಾನೂನು ವಿದ್ಯಾರ್ಥಿನಿ, ಬೆಂಗಳೂರು)

ಇದೆ. ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಪ್ರಾಂತ್ಯದ 'ವೈಲ್ಡ್ ಕೋಸ್ಟ್' ಪ್ರಕರಣವನ್ನು ನೀವು ಪೂರ್ತಿ ಓದಬೇಕು. ಅಲ್ಲಿ ಶೋಧದ ಹಕ್ಕು ಕೊಟ್ಟಿದ್ದು 2014ರಲ್ಲಿ. 2021ರ ಡಿಸೆಂಬರಿನಲ್ಲಿ ಶೆಲ್ ಕಂಪನಿಯ ಪರವಾಗಿ ಸರ್ವೆ ಹಡಗು ಬಂದಾಗಲೇ ದಡದ ಹಳ್ಳಿಗಳಿಗೆ ವಿಷಯದ ಬಿಸಿ ತಟ್ಟಿತು. ಅವರು ಕೋರ್ಟಿಗೆ ಹೋದರು. ಡಿಸೆಂಬರ್ 28ಕ್ಕೆ ತಡೆಯಾಜ್ಞೆ ಬಂತು, 2022ರ ಸೆಪ್ಟೆಂಬರ್ 1ರಂದು ಮಖಾಂಡದ ಹೈಕೋರ್ಟ್ ಶೋಧದ ಹಕ್ಕನ್ನೇ ರದ್ದು ಮಾಡಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ತೀರ್ಪಿನ ಕಾರಣಗಳು. ಕಂಪನಿಯ ಕಡೆಯವರು "ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದೇವೆ" ಎಂದರು. ಪ್ರಕಟಣೆ ಇದ್ದದ್ದು ಇಂಗ್ಲಿಷ್ ಮತ್ತು ಆಫ್ರಿಕಾನ್ಸ್ ಭಾಷೆಯಲ್ಲಿ. ದಡದ ಜನ ಆಡುವುದು ಷೋಸಾ ಮತ್ತು ಪೊಂಡೊ ಮಾತು. "ಅವರ ಅರಸರನ್ನು ಕಂಡು ಮಾತಾಡಿದ್ದೇವೆ" ಎಂದರು. ಅರಸನನ್ನು ಕೇಳಿದರೆ ಪ್ರಜೆಗಳನ್ನು ಕೇಳಿದಂತಾಗುವುದಿಲ್ಲ ಎಂದಿತು ನ್ಯಾಯಾಲಯ. ಆ ಜನರ ನಂಬಿಕೆಯಲ್ಲಿ ಪೂರ್ವಿಕರು ಕಡಲಲ್ಲೇ ನೆಲೆಸಿದ್ದಾರೆ. ಆ ನಂಬಿಕೆಗೂ ಅವರ ಮೀನುಗಾರಿಕೆಗೂ ಆಗುವ ಹಾನಿಯನ್ನು ನಿರ್ಧಾರದಲ್ಲಿ ಗಣನೆಗೆ ತೆಗೆದುಕೊಂಡಿಲ್ಲ ಎಂಬುದೂ ಒಂದು ಕಾರಣವಾಯಿತು. ನಮ್ಮ ಕರಾವಳಿಯಲ್ಲಿ ಮೊಗವೀರರು ಶ್ರಾವಣದ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ಹಾಲೆರೆಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2024ರ ಜೂನ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೂ ಹಕ್ಕು ಕೊಟ್ಟ ರೀತಿ ತಪ್ಪು ಎಂದೇ ಹೇಳಿತು. ಆದರೆ ರದ್ದತಿಯನ್ನು ತಡೆಹಿಡಿದು, ಹಕ್ಕಿನ ನವೀಕರಣದ ವೇಳೆ ಹೊಸದಾಗಿ ಜನರ ಮಾತು ಕೇಳಲು ದಾರಿ ಬಿಟ್ಟಿತು. ಇದು ನನಗೆ ಸರಿಕಾಣುವುದಿಲ್ಲ. ಕೊಟ್ಟಾದ ಮೇಲೆ ಕೇಳುವುದು ಮದುವೆ ಮುಗಿಸಿ ಒಪ್ಪಿಗೆ ಕೇಳಿದ ಹಾಗೆ.

ಆಸ್ಟ್ರೇಲಿಯಾದ ಟಿವಿ (Tiwi) ಎಂಬ ದ್ವೀಪಗಳ ಪ್ರಕರಣವನ್ನೂ ಜೊತೆಗೆ ಓದಿ. ಸ್ಯಾಂಟೋಸ್ ಕಂಪನಿಯ ಬರೋಸಾ ಅನಿಲ ಬಾವಿಗಳು ದ್ವೀಪಗಳಿಂದ ಸುಮಾರು 140 ಕಿ.ಮೀ. ದೂರ. ಇಷ್ಟು ದೂರದವರನ್ನೂ ಕೇಳಬೇಕೇ ಎಂಬುದೇ ವಿವಾದ. ಕೇಳಬೇಕು ಎಂದು ಫೆಡರಲ್ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿತು, ಡಿಸೆಂಬರಿನಲ್ಲಿ ಪೂರ್ಣಪೀಠವೂ ಎತ್ತಿಹಿಡಿಯಿತು. ಶುರುವಾಗಿದ್ದ ಕೊರೆತ ನಿಂತಿತು. ಕಂಪನಿ ಮತ್ತೆ ಜನರ ಬಳಿಗೆ ಹೋಗಿ, ಹೊಸ ಯೋಜನೆಗೆ ನಿಯಂತ್ರಕ ಸಂಸ್ಥೆಯ ಒಪ್ಪಿಗೆ ಪಡೆದು ಕೊರೆತ ಮುಂದುವರಿಸಿತು.

ಪರ್ತ್‌ನಲ್ಲಿದ್ದೇನೆ. ಇಲ್ಲಿನ ತೈಲಶೋಧದ ಬಗ್ಗೆ ನನ್ನಂಥ ವಲಸಿಗರು ಅಭಿಪ್ರಾಯ ಕೊಡಬಹುದೇ? (ಆಸ್ಟ್ರೇಲಿಯಾದ ಓದುಗರು)

ಧಾರಾಳವಾಗಿ. ಅಲ್ಲಿ ಸಮುದ್ರದ ಸೀಸ್ಮಿಕ್ ಸರ್ವೆ (ಮೇಲೆ ಹೇಳಿದ ಏರ್‌ಗನ್ ಸರ್ವೆ) ಮತ್ತು ಶೋಧದ ಬಾವಿಗಳ ಪರಿಸರ ಯೋಜನೆಯನ್ನು 2019ರಿಂದ ಪೂರ್ತಿಯಾಗಿ ಪ್ರಕಟಿಸಿ 30 ದಿನ ಸಾರ್ವಜನಿಕರ ಅಭಿಪ್ರಾಯ ಪಡೆಯುತ್ತಾರೆ. ನಿಯಂತ್ರಕ ಸಂಸ್ಥೆ ನೋಪ್ಸೀಮಾದ ಜಾಲತಾಣದಲ್ಲಿ ನೋಡಿ. ಗಮನಿಸಿ, ನಾವು ಯಾವ ಹಂತವನ್ನು ಜನಾಭಿಪ್ರಾಯದಿಂದ ಹೊರಗಿಟ್ಟೆವೋ ಅದನ್ನೇ ಅವರು ಒಳಗೆ ತಂದರು.

ನಾನು ಕುಂದಾಪುರ ಕಡೆಯ ಪಂಚಾಯಿತಿ ಸದಸ್ಯೆ. ಮುಂದೆ ಪೈಪ್‌ಲೈನ್, ಟರ್ಮಿನಲ್ ಅಂತ ಏನಾದರೂ ಬಂದು ಆಲಿಕೆ ಸಭೆ ಕರೆದರೆ ನಾವು ಹೇಗೆ ತಯಾರಾಗಬೇಕು? ಸಭೆಗೆ ಹೋಗಿ ಕೂಗಾಡಿ ಬರುವುದೇ ಆಗಿದೆ.

ಮೇಡಂ, ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಜೆಟ್ಟಿ ಯೋಜನೆಯ ಆಲಿಕೆ ಸಭೆಯಲ್ಲಿ ಕೂತಿದ್ದೆ. ಮೀನು ಮಾರಿ ನೇರವಾಗಿ ಬಂದಿದ್ದ ಹೆಂಗಸೊಬ್ಬರು ಖಾಲಿ ಬುಟ್ಟಿಯನ್ನು ಶಾಮಿಯಾನದ ಕಂಬಕ್ಕೆ ಒರಗಿಸಿಟ್ಟು ಮೈಕು ಹಿಡಿದರು. "ತೆಗೆದ ಹೂಳು ಎಲ್ಲಿ ಹಾಕ್ತೀರಿ? ಅಲ್ಲಿ ಎಷ್ಟು ಮಾರು ನೀರುಂಟು? ಸೆಪ್ಟೆಂಬರಿನಲ್ಲಿ ಹಾಕಿದ್ರೆ ಕೈರಂಪಣಿಗೆ ಮೀನು ಎಲ್ಲಿಂದ ಬರ್ಬೇಕು?" (ಕೈರಂಪಣಿ ಎಂದರೆ ದಡಕ್ಕೆ ಎಳೆಯುವ ಬಲೆ.) ಸಲಹೆಗಾರರು ವರದಿಯ ಹಾಳೆ ತಿರುವಿದರು, ಉತ್ತರ ಸಿಗಲಿಲ್ಲ. ಕೊನೆಗೆ ನಡಾವಳಿ ಓದಿದಾಗ ಆಯಮ್ಮನ ಮಾತು ಹೀಗಾಗಿತ್ತು: "ಮೀನುಗಾರರು ಆತಂಕ ವ್ಯಕ್ತಪಡಿಸಿದರು." ಹಿಂದೆ ಕೂತಿದ್ದ ಒಬ್ಬ ಶಾಲಾ ಮೇಷ್ಟ್ರು ಎದ್ದು, "ಆತಂಕ ಅಲ್ಲ ಸ್ವಾಮಿ, ಮೂರು ಪ್ರಶ್ನೆ. ಮೂರನ್ನೂ ಬರೆದುಕೊಳ್ಳಿ" ಎಂದರು. ಅರ್ಧ ಗಂಟೆ ಜಗ್ಗಾಟವಾಯಿತು, ಬರೆದುಕೊಂಡರು. ಅಂತಿಮ ವರದಿಯಲ್ಲಿ ಮೂರಕ್ಕೂ ಉತ್ತರ ಬಂತು, ಹೂಳು ಸುರಿಯುವ ಜಾಗದ ಆಳದ ಸಮೇತ.

ನೀವು ಮಾಡಬೇಕಾದದ್ದು ಬಹುಪಾಲು ಇದೇ. ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ಅದು ಕನ್ನಡ ಪತ್ರಿಕೆಯಲ್ಲೂ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು. ಬೋಟಿನವರು ವಾರಗಟ್ಟಲೆ ಕಡಲಲ್ಲಿರುತ್ತಾರೆ. ಸಭೆಯ ದಿನ ಅವರು ದಡದಲ್ಲಿರುತ್ತಾರೋ ಇಲ್ಲವೋ ಎಂದು ಕೂಡಲೇ ನೋಡಿ, ಇಲ್ಲದಿದ್ದರೆ ದಿನ ಬದಲಿಸಲು ಜಿಲ್ಲಾಧಿಕಾರಿಗೆ ಲಿಖಿತ ಮನವಿ ಕೊಡಿ. ಏಕೆಂದರೆ ಸಭೆ ಶುರುಮಾಡಲು ಇಷ್ಟೇ ಜನ ಇರಬೇಕೆಂಬ ಕೋರಂ ನಿಯಮವಿಲ್ಲ. ಹತ್ತು ಜನ ಬಂದರೂ ಸಭೆ ನಡೆಯಿತು ಎಂದೇ ಲೆಕ್ಕ. ಬಹಿಷ್ಕಾರ ಹಾಕಿ ಹೊರನಡೆಯುವುದನ್ನು ನಾನು ಒಪ್ಪದಿರುವುದೂ ಇದಕ್ಕೇ.

ಸಭೆಯಲ್ಲಿ ಹಾಜರಿರುವ ಪ್ರತಿಯೊಬ್ಬರಿಗೂ ಯೋಜನೆಯವರನ್ನು ಪ್ರಶ್ನಿಸುವ ಅವಕಾಶ ಕೊಡಬೇಕು, ಕಲಾಪದ ವಿಡಿಯೊ ಆಗಬೇಕು, ನಡಾವಳಿಯನ್ನು ಅಲ್ಲೇ ಕನ್ನಡದಲ್ಲಿ ಓದಿ ವಿವರಿಸಿ ಅದೇ ದಿನ ಸಹಿ ಮಾಡಬೇಕು. ಓದುವವರೆಗೂ ನಿಮ್ಮವರು ಯಾರೂ ಊಟಕ್ಕೆ ಏಳದಿರಲಿ. ಮೈಕು ಹಿಡಿಯಲು ಹಿಂಜರಿಯುವವರ ಪ್ರಶ್ನೆಗಳನ್ನು ಮೊದಲೇ ಬರೆಸಿಕೊಂಡು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಬಲೆ ಬಿಡುವ ಜಾಗ, ಆಳ, ತಿಂಗಳು, ಸಿಗುವ ಮೀನು ಇಷ್ಟನ್ನು ಗುರುತಿಸಿದ ಒಂದು ನಕ್ಷೆಯನ್ನು ಹಿರಿಯ ತಾಂಡೇಲರನ್ನು (ಬೋಟು ನಡೆಸುವವರನ್ನು) ಕೂರಿಸಿಕೊಂಡು ಕೈಯಲ್ಲೇ ಬರೆಸಿ ಲಗತ್ತಿಸಿ.

ಸಹಿಯಾದ ನಡಾವಳಿ ನಿಮ್ಮ ಪಂಚಾಯಿತಿ ಕಚೇರಿಯಲ್ಲೂ ಪ್ರದರ್ಶನಕ್ಕೆ ಬರಬೇಕು. ಬಾರದಿದ್ದರೆ ಕೇಳಿ ತರಿಸಿ. ಅದರಲ್ಲಿ ಯಾವ ಪ್ರಶ್ನೆ ಬಿಟ್ಟುಹೋಗಿದೆ ಎಂದು ಗುರುತುಮಾಡಿ, ಅನುಮತಿ ಕೊಡುವ ಪ್ರಾಧಿಕಾರಕ್ಕೆ ನೇರವಾಗಿ ಬರೆಯುವ ಅವಕಾಶ ಆಗಲೂ ಇರುತ್ತದೆ.