ಅತ್ತೆಯ ಮುಂದೆ ನಾನು ಆಡಿದ ಎರಡು ನಿಮಿಷದ ಮಾತು

ನಮ್ಮ ಜನಪ್ರಿಯ ಚಿತ್ರಗಳಲ್ಲಿ ಕಥೆ ಇದ್ದರೂ ನಟನೆ ಅತಿಯಾಗಿರುತ್ತದೆ, ಇದನ್ನು ಮನೆಯವರಿಗೆ ಹೇಗೆ ಮನವರಿಕೆ ಮಾಡಿಕೊಡಲಿ ಎಂದು ಕೇಳಿದ್ದೀರಿ. ಮಾಡಿಕೊಡಲು ಹೋಗಬೇಡಿ. ನಾನು ಹೋಗಿದ್ದೆ.

ನನಗಾಗ ಇಪ್ಪತ್ತೆರಡು ವರ್ಷ. ಗೆಳೆಯರ ಜೊತೆ ಕುಳಿತು ಹೊರದೇಶಗಳ ಚಿತ್ರಗಳನ್ನು ನೋಡುವ, ನೋಡಿದ್ದನ್ನು ರಾತ್ರಿಯಿಡೀ ಚರ್ಚಿಸುವ ಹುಚ್ಚು ಹತ್ತಿತ್ತು. ‘ಸಂಯಮದ ಅಭಿನಯ’ ಎಂಬ ಮಾತು ಸದಾ ನಾಲಿಗೆಯ ತುದಿಯಲ್ಲಿರುತ್ತಿತ್ತು. ನಟ ಸುಮ್ಮನಿದ್ದಷ್ಟೂ ದೊಡ್ಡವನು, ದನಿ ಏರಿಸಿದರೆ ಚಿಕ್ಕವನು. ನನ್ನ ತಕ್ಕಡಿಯಲ್ಲಿ ಇದ್ದದ್ದು ಇದೊಂದೇ ಕಲ್ಲು.

ಆದರೆ ನನಗೆ ಸಿನಿಮಾ ನೋಡುವುದನ್ನು ಕಲಿಸಿದವರು ನನ್ನ ಸೋದರತ್ತೆ. ಚಿಕ್ಕಂದಿನಲ್ಲಿ ಚಿತ್ರಮಂದಿರಕ್ಕೆ ಕರೆದೊಯ್ದರೆ, ಮಧ್ಯಂತರದಲ್ಲಿ ಎಲ್ಲರೂ ಎದ್ದು ಹೋದ ಮೇಲೆ ನಮ್ಮಿಬ್ಬರದೇ ಸಭೆ ನಡೆಯುತ್ತಿತ್ತು. ಅಲ್ಲಿಯವರೆಗಿನ ಕಥೆಯನ್ನು ನನ್ನ ಬಾಯಿಂದ ಹೇಳಿಸುತ್ತಿದ್ದರು. ನಡುವೆ ತಡೆದು, “ಅವಳು ಬಾಗಿಲ ಹತ್ತಿರ ಹೋದವಳು ಯಾಕೆ ತಿರುಗಿ ನೋಡಲಿಲ್ಲ, ಹೇಳು?” ಎಂದು ಕೇಳುತ್ತಿದ್ದರು. ಏಳೆಂಟು ವರ್ಷದ ಹುಡುಗ ಏನು ಹೇಳಿಯಾನು? ಹೇಳುವವರೆಗೂ ಅವರು ಬಿಡುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದಾಗ ಟೀವಿಯಲ್ಲಿ ‘ಶರಪಂಜರ’ ಬರುತ್ತಿತ್ತು. 1971ರ ಚಿತ್ರ, ತ್ರಿವೇಣಿ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ಅವರ ನಿರ್ದೇಶನ. ಅತ್ತೆ ಅದನ್ನು ಎಷ್ಟು ಸಲ ನೋಡಿದ್ದರೋ ಲೆಕ್ಕವಿಲ್ಲ. ನಾನು ಒಳಗೆ ಕಾಲಿಟ್ಟಾಗ ಕಥೆ ಕೊನೆಯ ಘಟ್ಟಕ್ಕೆ ಬಂದಿತ್ತು. ಕಲ್ಪನಾ ಅವರ ಕಾವೇರಿ ಕೂಗುತ್ತಿದ್ದಳು, ನಗುತ್ತಿದ್ದಳು, ಕಣ್ಣು ಅರಳಿಸುತ್ತಿದ್ದಳು. ಎರಡು ನಿಮಿಷ ನಿಂತು ನೋಡಿದೆ. ನಕ್ಕೆ. “ಇದನ್ನು ನಟನೆ ಎನ್ನುತ್ತಾರೆಯೇ ಅತ್ತೆ?” ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಬಂದಿದ್ದ ನೆಂಟರ ಮುಂದೆ ಕಣ್ಣು ಹಿಗ್ಗಿಸಿ, ಕೈ ಎತ್ತಿ, ಅದೇ ದನಿಯಲ್ಲಿ ಅಣಕಿಸಿ ತೋರಿಸಿದೆ. ಎಲ್ಲರೂ ನಕ್ಕರು. ಅತ್ತೆ ಎದ್ದು ಟೀವಿ ಆರಿಸಿ ಒಳಗೆ ಹೋದರು. ಆಮೇಲೆ ಹನ್ನೊಂದು ವರ್ಷ ಅವರು ನನ್ನ ಜೊತೆ ಕುಳಿತು ಒಂದು ಚಿತ್ರವನ್ನೂ ನೋಡಲಿಲ್ಲ. ಕರೆದಾಗಲೆಲ್ಲ “ನೀನು ನೋಡಿ ಬಾ, ನಿನಗೆ ಚೆನ್ನಾಗಿ ಗೊತ್ತಾಗುತ್ತದೆ” ಎನ್ನುತ್ತಿದ್ದರು. ಕೋಪ ತೋರಿಸಿದ್ದರೆ ತಡೆದುಕೊಳ್ಳಬಹುದಿತ್ತು.

ನನ್ನ ತಪ್ಪು ಬರೀ ಒರಟುತನ ಎಂದು ನೀವು ಅಂದುಕೊಳ್ಳಬಾರದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಒರಟುತನವಾಗಿದ್ದರೆ ಕ್ಷಮೆ ಕೇಳಿ ಮುಗಿಸಬಹುದಿತ್ತು, ಕೇಳಿದೆ ಕೂಡ. ನಾನು ಕೊನೆಯ ಎರಡು ನಿಮಿಷ ನೋಡಿ ಅದರ ಹಿಂದಿನ ಎರಡೂ ಚಿಲ್ಲರೆ ಗಂಟೆಗೆ ತೀರ್ಪು ಕೊಟ್ಟಿದ್ದೆ. ಬಾಣಂತನದ ಬಳಿಕ ಮನಸ್ಸು ಕದಡಿ, ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಮರಳಿದ ಹೆಂಗಸು ಕಾವೇರಿ. ಅವಳು ಗುಣವಾಗಿದ್ದಾಳೆ ಎಂಬುದನ್ನು ಸುತ್ತಲಿನವರು ನಂಬುವುದಿಲ್ಲ. ಗಂಡ ದೂರವೇ ಉಳಿಯುತ್ತಾನೆ. ಅವಳು ಸಹಜವಾಗಿ ಇರಲು ಪಟ್ಟ ಪಾಡನ್ನೆಲ್ಲ ನೋಡಿದವರಿಗೆ ಕೊನೆಯ ಕೂಗು ಕೂಗಾಗಿ ಕೇಳಿಸುವುದಿಲ್ಲ, ಕಟ್ಟೆ ಒಡೆದ ಹಾಗೆ ಕೇಳಿಸುತ್ತದೆ. ಕಟ್ಟೆ ಕಟ್ಟಿದ್ದನ್ನು ನೋಡದೆ ನಾನು ನೀರಿನ ಸದ್ದು ಜಾಸ್ತಿಯಾಯಿತು ಎಂದೆ. ಇಡೀ ಚಿತ್ರವನ್ನು ಮೊದಲಿನಿಂದ ನೋಡಿದ್ದು ಎಷ್ಟೋ ವರ್ಷಗಳ ನಂತರ, ಒಬ್ಬನೇ ಕುಳಿತು. ಆ ಕೊನೆಯ ಭಾಗ ಬಂದಾಗ ನಾನು ಅಣಕಿಸಿದ ನನ್ನದೇ ದನಿ ಕಿವಿಯಲ್ಲಿ ಕೇಳಿಸಿತು.

ಆದ್ದರಿಂದ ‘ಕಥೆ ಚೆನ್ನಾಗಿದೆ, ನಟನೆ ಚೆನ್ನಾಗಿಲ್ಲ’ ಎಂದು ನೀವು ಗೆರೆ ಎಳೆದಿರುವುದನ್ನೇ ನಾನು ಒಪ್ಪುವುದಿಲ್ಲ. ನೂರು ವರ್ಷಗಳ ಹಿಂದೆ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ, ಒಮ್ಮೆ ಹೆಣ್ಣೊಬ್ಬಳ ಪಕ್ಕ ಜೋಡಿಸಿ ತೋರಿಸಿದನಂತೆ. ನೋಡಿದವರು ಹಸಿವನ್ನೂ ದುಃಖವನ್ನೂ ಆಸೆಯನ್ನೂ ಎಷ್ಟು ಚೆನ್ನಾಗಿ ಅಭಿನಯಿಸಿದ್ದಾನೆ ಎಂದು ಹೊಗಳಿದರಂತೆ. ಮುಖ ಮಾತ್ರ ಬದಲಾಗಿರಲೇ ಇಲ್ಲ. ನಟನೆಯ ಅರ್ಧ ಪಾಲು ಹಿಂದುಮುಂದಿನ ದೃಶ್ಯಗಳಲ್ಲಿರುತ್ತದೆ. ಮೊಬೈಲಿನಲ್ಲಿ ತುಣುಕು ನೋಡಿ ನಟನನ್ನು ಅಳೆಯುವ ಈಗಿನ ಚಟದ ಮೇಲೆ ನನಗಿರುವ ಸಿಟ್ಟಿಗೆ ಇದೇ ಕಾರಣ.

‘ಅತಿ’ ಎಂಬ ಮಾತಿನ ಬಗ್ಗೆಯೂ ಸ್ವಲ್ಪ ನಿಲ್ಲಬೇಕು. ನಮ್ಮ ಹಿರಿಯ ನಟರು ಬಂದದ್ದು ಕಂಪನಿ ನಾಟಕಗಳಿಂದ. 1954ರಲ್ಲಿ ‘ಬೇಡರ ಕಣ್ಣಪ್ಪ’ನಾದ ರಾಜ್‌ಕುಮಾರ್ ಪಳಗಿದ್ದು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ. ಕೊನೆಯ ಸಾಲಿನಲ್ಲಿ ಕುಳಿತವನಿಗೂ ಮುಟ್ಟಬೇಕು ಎಂಬುದು ಆ ರಂಗದ ಮೊದಲ ಪಾಠ. ಅದು ಒಂದು ಶೈಲಿ, ದೋಷವಲ್ಲ. ‘ತಿಥಿ’ ಚಿತ್ರದಲ್ಲಿ ಮಂಡ್ಯ ಸೀಮೆಯ ಹಳ್ಳಿಯ ಜನರೇ, ಹಿಂದೆಂದೂ ನಟಿಸದವರೇ ಪಾತ್ರ ಮಾಡಿದರು, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವ ಅದನ್ನು ಗೌರವಿಸಿತು. ‘ಕಾಂತಾರ’ದ ಕೊನೆಯಲ್ಲಿ ರಿಷಬ್ ಶೆಟ್ಟಿ ಮೈಮೇಲೆ ಬಂದವರಂತೆ ಆರ್ಭಟಿಸುತ್ತಾರೆ, ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಒಂದರ ಅಳತೆಗೋಲನ್ನು ಇನ್ನೊಂದರ ಮೇಲೆ ಇಟ್ಟರೆ ಎರಡೂ ಕೆಟ್ಟ ನಟನೆಯೇ ಆಗಿಬಿಡುತ್ತವೆ.

ಹಾಗೆಂದು ಜನಪ್ರಿಯ ಚಿತ್ರಗಳಲ್ಲಿ ಕೆಟ್ಟ ನಟನೆ ಇಲ್ಲ ಎನ್ನುತ್ತಿಲ್ಲ. ರಾಶಿ ಇದೆ. ಆದರೆ ಅದು ಇರುವುದು ನೀವು ಹುಡುಕುತ್ತಿರುವ ಜಾಗದಲ್ಲಲ್ಲ. ಮಾತನಾಡುವವನನ್ನು ಬಿಟ್ಟು ಕೇಳಿಸಿಕೊಳ್ಳುವವನನ್ನು ನೋಡಿ. ನಾಯಕ ನಿಧಾನಗತಿಯಲ್ಲಿ ನಡೆದು ಬರುತ್ತಾನೆ, ಸುತ್ತ ಹತ್ತು ಮಂದಿ ಕಂಬಗಳಂತೆ ನಿಂತಿರುತ್ತಾರೆ, ಅವನು ಎದುರಿಗಿರುವವನನ್ನು ಬಿಟ್ಟು ಸಭಿಕರಿಗೆ ಸಂಭಾಷಣೆ ಒಪ್ಪಿಸುತ್ತಾನೆ. ಅಲ್ಲಿ ಯಾರೂ ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿಲ್ಲ. ತಾಯಿ ಸತ್ತ ಸುದ್ದಿ ಬರುವ ಮೊದಲೇ ಹಿನ್ನೆಲೆಯಲ್ಲಿ ಪಿಟೀಲು ಅಳತೊಡಗಿದರೆ ನಟನಿಗೆ ಮಾಡಲು ಏನು ಉಳಿಯಿತು? ಇದಕ್ಕೆ ನಾನು ನಟನನ್ನು ಬೈಯುವುದಿಲ್ಲ, ಕಥೆ ಬರೆದವರನ್ನೂ ನಿರ್ದೇಶಕರನ್ನೂ ಬೈಯುತ್ತೇನೆ. ಇಂಥ ಚಿತ್ರದಲ್ಲಿ ನಟ ಎಷ್ಟೇ ಸಂಯಮ ತೋರಿದರೂ ನೀರಸವೇ.

ಇನ್ನು ನಿಮ್ಮ ಮನೆಯವರು. ಅವರ ಜೊತೆ ಕುಳಿತು ಮೊದಲಿನಿಂದ ಕೊನೆಯವರೆಗೆ ನೋಡಿ, ಅವರಿಗೆ ಯಾವ ದೃಶ್ಯ ನಾಟಿತು ಎಂದು ಕೇಳಿ. ನಿಮ್ಮ ಅಭಿಪ್ರಾಯ ಅವರು ಕೇಳಿದಾಗ ಹೇಳಿದರೆ ಸಾಕು. ಕಲಾತ್ಮಕ ಚಿತ್ರಗಳನ್ನು ನೋಡುವುದನ್ನು ಬಿಡಬೇಡಿ, ಅದು ಬೇರೆ ಮಾತು.

ಕಳೆದ ವರ್ಷ ಅತ್ತೆಯ ಮನೆಗೆ ಹೋಗಿದ್ದಾಗ, ‘ಶರಪಂಜರ’ವನ್ನು ಪೂರ್ತಿ ನೋಡಿದೆ ಎಂದೆ. ಅವರು ಬಟ್ಟೆ ಮಡಚುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಕಲ್ಪನಾ ಅವರ ಬಗ್ಗೆ ನಾನು ಹೇಳಬೇಕೆಂದುಕೊಂಡಿದ್ದ ಮಾತುಗಳನ್ನೆಲ್ಲ ಹೇಳಿ ಮುಗಿಸಿದೆ. ಸ್ವಲ್ಪ ಹೊತ್ತಿನ ಮೇಲೆ, “ಅವಳನ್ನು ಎಲ್ಲರೂ ನೋಡುತ್ತಾರೆ. ಗಂಡನ ಮುಖ ನೋಡಿದೆಯಾ?” ಎಂದರು.

ನೋಡಿರಲಿಲ್ಲ. ಇಲ್ಲ ಅತ್ತೆ ಎಂದೆ. ಮಡಚಿದ ಸೀರೆಯನ್ನು ಪಕ್ಕಕ್ಕಿಟ್ಟು, “ಹಾಗಾದರೆ ಹಾಕು, ನೋಡೋಣ” ಎಂದರು.